ದಿನಾಚರಣೆ ಮುಗಿದ ಮರುದಿನ

ಕಾಲೇಜಿನ ನೋಟಿಸ್ ಬೋರ್ಡ್ ನೋಡಿದರೆ ವರ್ಷದಲ್ಲಿ ಖಾಲಿ ದಿನವೇ ಇಲ್ಲ ಅನಿಸುತ್ತದೆ. ಜನವರಿ 30 ಕುಷ್ಠರೋಗ ನಿವಾರಣಾ ದಿನ, ಮಾರ್ಚ್ 22 ಜಲ ದಿನ, ಮಾರ್ಚ್ 24 ಕ್ಷಯರೋಗ ದಿನ, ಮೇ 1 ಕಾರ್ಮಿಕರ ದಿನ, ಜೂನ್ 14 ರಕ್ತದಾನಿಗಳ ದಿನ, ಸೆಪ್ಟೆಂಬರ್ 10 ಆತ್ಮಹತ್ಯೆ ತಡೆ ದಿನ, ಅಕ್ಟೋಬರ್ 16 ಆಹಾರ ದಿನ, ಡಿಸೆಂಬರ್ 5 ಮಣ್ಣಿನ ದಿನ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇವೆಲ್ಲ ಒಂದು ಅಂಕದ ಪ್ರಶ್ನೆಗಳು. ಎನ್‌ಎಸ್‌ಎಸ್ ಸೇರಿದವರಿಗೆ ಒಂದು ಜಾಥಾ, ಒಂದು ಬ್ಯಾನರ್, ಒಂದು ಗ್ರೂಪ್ ಫೋಟೊ. ಉಳಿದವರಿಗೆ ವಾಟ್ಸ್‌ಆ್ಯಪ್ ಸ್ಟೇಟಸ್. ಇಪ್ಪತ್ನಾಲ್ಕು ತಾಸು ಕಳೆದರೆ ಅದು ತಾನಾಗಿಯೇ ಅಳಿಸಿಹೋಗುತ್ತದೆ.

ಈ ದಿನಗಳನ್ನು ಗೇಲಿ ಮಾಡುವುದು ಸುಲಭ. ಆದರೆ ಒಂದೊಂದು ದಿನದ ಹಿಂದೆಯೂ ಯಾರದೋ ನೋವು ಇದೆ. ಆ ನೋವನ್ನು ವರ್ಷಕ್ಕೊಮ್ಮೆಯಾದರೂ ನೆನೆಯಲಿ ಎಂದೇ ಅವನ್ನು ಗೊತ್ತುಮಾಡಿದ್ದಾರೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ದಿನಾಚರಣೆ ಮುಗಿದ ಮರುದಿನ ಏನಾಗುತ್ತದೆ?

ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಅಪ್ಪನ ಊರು ಜೇವರ್ಗಿ ತಾಲ್ಲೂಕು, ಅವ್ವನ ತವರು ಆಳಂದ, ಅಕ್ಕನನ್ನು ಕೊಟ್ಟಿದ್ದು ಅಫಜಲಪುರ ಕಡೆ. ನಮ್ಮದು ಕ್ರೈಸ್ತ ಮನೆ. ಭಾನುವಾರ ಪ್ರಾರ್ಥನೆ, ವಾರದ ಉಳಿದ ದಿನ ಹೊಲ. ನಮ್ಮ ಭಾಗದಲ್ಲಿ ಕ್ರೈಸ್ತರು ಕಡಿಮೆ. ಆದರೂ ಯೇಸು ಹೇಳಿದ ಸಾಮ್ಯಗಳು ಪರದೇಶದ ಕಥೆಗಳೆಂದು ನನಗೆ ಎಂದೂ ಅನಿಸಿಲ್ಲ. ಬೀಜ, ಹೊಲ, ಕೂಲಿ, ರಸ್ತೆ, ದೀಪ, ಹಿಟ್ಟು, ಹುಳಿ, ಕಳೆದುಹೋದ ಕುರಿ. ಇವೆಲ್ಲ ನಮ್ಮ ಊರಿನ ಸಾಮಾನು. ಆತ ದೊಡ್ಡ ಗ್ರಂಥ ಬಿಡಿಸಿ ಪಾಠ ಹೇಳಿದ್ದಕ್ಕಿಂತ ಕಣ್ಣೆದುರಿಗೆ ಇದ್ದದ್ದನ್ನು ತೋರಿಸಿ ಹೇಳಿದ್ದೇ ಹೆಚ್ಚು. ಆ ಪಾಠಗಳನ್ನು ಈ ದಿನಾಚರಣೆಗಳ ಪಕ್ಕದಲ್ಲಿಟ್ಟು ನೋಡುವುದು ನನಗೆ ಅಭ್ಯಾಸವಾಗಿದೆ. ಹಾಗೆ ನೋಡಿದಾಗ ಸಿಕ್ಕ ಕೆಲವನ್ನು ಇಲ್ಲಿ ಹಂಚಿಕೊಳ್ಳುತ್ತೇನೆ. ನಿಮ್ಮ ಧರ್ಮ ಯಾವುದೇ ಇರಲಿ, ಬಸ್ಸು, ಪರೀಕ್ಷೆ, ನೌಕರಿಯ ಚಿಂತೆ ನಮಗೆಲ್ಲ ಒಂದೇ.

ಎರಡು ದಿನದ ಕೂಲಿ

ರಸ್ತೆ ಸುರಕ್ಷತಾ ಸಪ್ತಾಹ ಬಂದಾಗ ಹೆಲ್ಮೆಟ್ ಬಗ್ಗೆ ಭಾಷಣ ಕೇಳುತ್ತೇವೆ. ನನಗೆ ಆಗ ನೆನಪಾಗುವುದು ಲೂಕನ ಸುವಾರ್ತೆಯಲ್ಲಿರುವ ಒಳ್ಳೆಯ ಸಮಾರ್ಯದವನ ಕಥೆ. ಯೆರೂಸಲೇಮಿನಿಂದ ಯೆರಿಕೋ ಊರಿಗೆ ಇಳಿಯುವ ದಾರಿ ಸುಮಾರು 27 ಕಿಲೋಮೀಟರ್. ನಮ್ಮ ಜೇವರ್ಗಿಯಿಂದ ಕಲಬುರಗಿಗೆ ಹೋಗುವ ದಾರಿ ಅದಕ್ಕಿಂತ ಉದ್ದ. ಆ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಕಂಡು ಒಬ್ಬ ಯಾಜಕ ಪಕ್ಕಕ್ಕೆ ಸರಿದು ಹೋದ. ದೇವಾಲಯದ ಸೇವೆ ಮಾಡುವ ಇನ್ನೊಬ್ಬನೂ ಹಾಗೇ ಹೋದ. ನಿಂತವನು ಸಮಾರ್ಯದವನು. ಯೆಹೂದ್ಯರು ಮುಟ್ಟಲೂ ಹಿಂಜರಿಯುತ್ತಿದ್ದ ಜನಾಂಗದವನು. ಗಾಯಕ್ಕೆ ಎಣ್ಣೆ ಹಚ್ಚಿ, ಕಟ್ಟು ಕಟ್ಟಿ, ತನ್ನ ಪಶುವಿನ ಮೇಲೆ ಕೂಡಿಸಿಕೊಂಡು ಛತ್ರಕ್ಕೆ ಕರೆದೊಯ್ದ.

ಸಾಮಾನ್ಯವಾಗಿ ನಾವು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಅದು ಮರುದಿನಕ್ಕೂ ಹೋಗುತ್ತದೆ. ಬೆಳಗಾದ ಮೇಲೆ ಆತ ಎರಡು ಬೆಳ್ಳಿ ನಾಣ್ಯ ತೆಗೆದು ಛತ್ರದವನ ಕೈಯಲ್ಲಿಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದು ಹೇಳಿ ಹೊರಡುತ್ತಾನೆ. ಆಗಿನ ಕಾಲಕ್ಕೆ ಅಂಥ ಒಂದು ನಾಣ್ಯ ಅಂದರೆ ಒಂದು ದಿನದ ಕೂಲಿ. ಎರಡು ದಿನದ ದುಡಿಮೆಯನ್ನು ಗುರುತಿಲ್ಲದವನಿಗಾಗಿ ಕೊಟ್ಟ, ತಿರುಗಿ ಬರುವ ಮಾತನ್ನೂ ಕೊಟ್ಟ. ಮೊದಲ ದಿನದ್ದು ಕನಿಕರ. ಮರುದಿನದ್ದು ಜವಾಬ್ದಾರಿ. ಕಥೆಗೆ ತೂಕ ಬಂದದ್ದು ಆ ಮರುದಿನದಿಂದ ಎಂದು ನನಗೆ ತೋರುತ್ತದೆ.

ನಮ್ಮ ಕಡೆ ಅಪಘಾತವಾದರೆ ಜನ ಸೇರುವುದಕ್ಕೆ ಹೊತ್ತಾಗುವುದಿಲ್ಲ. ಮೊಬೈಲ್ ಹೊರಗೆ ಬರುವುದಕ್ಕೂ ಹೊತ್ತಾಗುವುದಿಲ್ಲ. ಗಾಯಾಳುವನ್ನು ಎತ್ತಲು ಮಾತ್ರ ಹಿಂಜರಿಕೆ. ‘ನಾಳಿ ಪೊಲೀಸ್ ಸ್ಟೇಷನ್ನಿಗಿ ಯಾರ್ ತಿರಗಬೇಕೋ ಮಾರಾಯ’ ಅನ್ನುವ ಮಾತು ಎಲ್ಲರೂ ಕೇಳಿರುವುದೇ. ಈ ಭಯಕ್ಕೆ ಕಾನೂನು ಉತ್ತರ ಕೊಟ್ಟಿದೆ. ನೆರವಿಗೆ ಬಂದವರನ್ನು ಪೀಡಿಸಬಾರದು ಎಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳಿ ಎಂದು ಒತ್ತಾಯಿಸುವಂತೆಯೂ ಇಲ್ಲ. ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಕಾನೂನಿನ ಭಾಷೆಯಲ್ಲೂ ಇಂಥವರಿಗೆ ಇರುವ ಹೆಸರು ‘ಗುಡ್ ಸಮಾರಿಟನ್’. ಎರಡು ಸಾವಿರ ವರ್ಷದ ಹಿಂದಿನ ಆ ದಾರಿಹೋಕ ಭಾರತದ ಕಾಯ್ದೆಯೊಳಗೆ ಬಂದು ಕುಳಿತಿದ್ದಾನೆ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಗಾಯಾಳುವಿನ ಪಕ್ಕದಲ್ಲಿ ಕುಳಿತಿರುವುದಕ್ಕೆ ಈಗ ಕಾನೂನಿನ ಅಡ್ಡಿಯಿಲ್ಲ. ಉಳಿದಿರುವುದು ನಮ್ಮ ಮನಸ್ಸಿನ ಅಡ್ಡಿ ಮಾತ್ರ.

ಎರಿ ಹೊಲ, ಮಡ್ಡಿ ಹೊಲ

ಡಿಸೆಂಬರ್ 5ರ ಮಣ್ಣಿನ ದಿನದ ಹೊತ್ತಿಗೆ ನಮ್ಮ ಮೂರೂ ತಾಲ್ಲೂಕುಗಳಲ್ಲಿ ತೊಗರಿ ಕಾಯಿ ಕಟ್ಟಿ ನಿಂತಿರುತ್ತದೆ. 2019ರಲ್ಲಿ ಕಲಬುರಗಿಯ ತೊಗರಿ ಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು. ಆ ರುಚಿ ಮಣ್ಣಿನದು ಎಂಬುದಕ್ಕೆ ಸಿಕ್ಕ ಸರ್ಟಿಫಿಕೇಟು ಅದು. ಬಿತ್ತುವವನ ಸಾಮ್ಯವನ್ನು ಈ ಹೊಲಗಳ ನಡುವೆ ಓದಿದರೆ ಬೇರೆಯೇ ಅರ್ಥ ಹೊಳೆಯುತ್ತದೆ. ಕೆಲವು ಬೀಜ ದಾರಿಯ ಮೇಲೆ ಬಿದ್ದವು, ಹಕ್ಕಿ ತಿಂದವು. ಕೆಲವು ಕಲ್ಲು ನೆಲದಲ್ಲಿ ಬಿದ್ದು ಬೇಗ ಮೊಳೆತು ಬಿಸಿಲಿಗೆ ಒಣಗಿದವು. ಕೆಲವು ಮುಳ್ಳಿನ ನಡುವೆ ಬಿದ್ದು ಉಸಿರುಗಟ್ಟಿದವು. ಒಳ್ಳೆಯ ನೆಲದಲ್ಲಿ ಬಿದ್ದವು ಮೂವತ್ತು, ಅರವತ್ತು, ನೂರರಷ್ಟು ಫಲ ಕೊಟ್ಟವು.

ಚಿಕ್ಕವನಿದ್ದಾಗ ಇದನ್ನು ಕೇಳಿ ನಾನು ಯಾವ ನೆಲ ಎಂದು ಯೋಚಿಸುತ್ತಿದ್ದೆ, ಹುಟ್ಟುವಾಗಲೇ ಅದು ನಿರ್ಧಾರವಾಗಿದೆ ಎಂಬಂತೆ. ಆಳಂದದಲ್ಲಿ ಅಜ್ಜನಿಗೆ ಎರಿ ಹೊಲವೂ ಇತ್ತು, ಮಡ್ಡಿಯೂ ಇತ್ತು. ಬೇಸಿಗೆಯಲ್ಲಿ ಮಡ್ಡಿಯ ಕಲ್ಲು ಆರಿಸಿ ಬದುವಿಗೆ ಹಾಕುವುದೇ ಕೆಲಸ. ಪ್ರತಿ ವರ್ಷ ಆರಿಸಿದರೂ ಮತ್ತೆ ಕಲ್ಲು ಮೇಲೆ ಬರುತ್ತಿದ್ದವು. ‘ಎಷ್ಟಂತ ಆರಸ್ತಿ ಅಜ್ಜಾ’ ಎಂದರೆ, ‘ಹೊಲ ಬೈದ್ರ ಬೆಳಿ ಬರ್ತದೇನೋ ಹುಚ್ಚಾ, ಆರಿಸು’ ಅನ್ನುತ್ತಿದ್ದ. ರೈತ ಯಾವ ನೆಲವನ್ನೂ ಕೆಟ್ಟದ್ದೆಂದು ಬಿಟ್ಟುಬಿಡುವುದಿಲ್ಲ. ಕಲ್ಲು ಆರಿಸುತ್ತಾನೆ, ಮುಳ್ಳು ಕಡಿಯುತ್ತಾನೆ, ಕುಂಟೆ ಹೊಡೆಯುತ್ತಾನೆ. ‘ನಾನು ಗಣಿತದಲ್ಲಿ ದಡ್ಡ’, ‘ನನಗೆ ಇಂಗ್ಲಿಷ್ ಬರುವುದಿಲ್ಲ’ ಎಂದು ತಮ್ಮ ಮೇಲೆ ತಾವೇ ತೀರ್ಪು ಬರೆದುಕೊಂಡ ಗೆಳೆಯರಿಗೆ ನಾನು ಹೇಳುವುದು ಇದೇ ಮಾತು. ಮಡ್ಡಿ ಎಂಬುದು ಹಣೆಬರಹವಲ್ಲ, ಬೇಸಿಗೆಯ ಕೆಲಸ.

ತೊಗರಿ ಇನ್ನೊಂದು ಪಾಠ ಹೇಳುತ್ತದೆ. ಬಿತ್ತಿ ಒಂದೂವರೆ ತಿಂಗಳಾದ ಮೇಲೆ ಗಿಡದ ಕುಡಿ ಚಿವುಟುತ್ತಾರೆ. ಅರಿಯದವರಿಗೆ ಅದು ಬೆಳೆಯುವ ಗಿಡಕ್ಕೆ ಮಾಡಿದ ಅನ್ಯಾಯದಂತೆ ಕಾಣುತ್ತದೆ. ಆದರೆ ಮೇಲಕ್ಕೆ ಹೋಗುವ ಶಕ್ತಿ ಅಡ್ಡಕ್ಕೆ ತಿರುಗಿ ಕವಲು ಒಡೆಯುತ್ತವೆ, ಹೂವು ಕಾಯಿ ಹೆಚ್ಚುತ್ತವೆ. ಯೋಹಾನನ ಸುವಾರ್ತೆಯಲ್ಲಿ ದ್ರಾಕ್ಷಿಬಳ್ಳಿಯ ಕೊಂಬೆ ಸವರುವ ಮಾತು ಬರುತ್ತದೆ. ಫಲ ಕೊಡದ ಕೊಂಬೆಯನ್ನು ತೆಗೆದುಹಾಕುತ್ತಾರೆ. ಫಲ ಕೊಡುವ ಕೊಂಬೆಗೂ ಕತ್ತರಿ ತಪ್ಪಿದ್ದಲ್ಲ, ಅದು ಇನ್ನೂ ಹೆಚ್ಚು ಫಲ ಕೊಡಲಿ ಎಂದು. ಹಾಗೆಂದು ಬಂದ ಕಷ್ಟವೆಲ್ಲ ಒಳ್ಳೆಯದಕ್ಕೇ ಎಂದು ನಾನು ಹೇಳುವುದಿಲ್ಲ. ಚಿವುಟುವ ರೈತನಿಗೆ ಗಿಡದ ವಯಸ್ಸು ಗೊತ್ತಿರುತ್ತದೆ, ಬೇರು ಕೀಳುವುದಿಲ್ಲ. ನಮ್ಮನ್ನು ತಿದ್ದುವ ಮೇಷ್ಟ್ರು, ಅಪ್ಪ, ಗೆಳೆಯರು ಚಿವುಟುತ್ತಿದ್ದಾರೋ ಕೀಳುತ್ತಿದ್ದಾರೋ ನೋಡಿಕೊಳ್ಳಬೇಕು. ನಾವು ಬೇರೆಯವರನ್ನು ತಿದ್ದುವಾಗ ಇನ್ನೂ ಹೆಚ್ಚು ನೋಡಿಕೊಳ್ಳಬೇಕು.

ಅದೇ ಎರಿ ಮಣ್ಣು ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಕ್ಕೂ ಒಂದು ಪಾಠ ಇಟ್ಟುಕೊಂಡಿದೆ. ರೈತನಿಗೆ ಬಂಗಾರವಾದ ಈ ಮಣ್ಣು ಮನೆ ಕಟ್ಟುವವನಿಗೆ ತಲೆನೋವು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜ ಇದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ನಿಂತ ಗೋಡೆಯೂ ಬಿರಿಯುತ್ತದೆ. ಇದಕ್ಕೆ ಅಂಡರ್-ರೀಮ್ಡ್ ಪೈಲ್ ಎಂಬ ಉಪಾಯವಿದೆ. ಸುಮಾರು 3.5 ಮೀಟರ್ ಆಳಕ್ಕೆ ಕೊರೆದು, ತಳದಲ್ಲಿ ಗಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟ್ ತುಂಬುತ್ತಾರೆ. ಋತುಮಾನದ ತೇವ ಏರಿಳಿಯದ ಆಳದಲ್ಲಿ ಆ ಗಡ್ಡೆ ಕಚ್ಚಿ ಕುಳಿತಿರುತ್ತದೆ. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮ್ಯವನ್ನು ಲೂಕ ಬರೆಯುವಾಗ ಆತ ಆಳವಾಗಿ ಅಗೆದ ಎಂಬುದನ್ನು ಸೇರಿಸುತ್ತಾನೆ. ಹೊಗಳಿದರೆ ಉಬ್ಬುವುದು, ರಿಸಲ್ಟ್ ಕೆಟ್ಟರೆ ಬಿರಿಯುವುದು ನಮ್ಮೆಲ್ಲರ ಮೇಲ್ಮಣ್ಣಿನ ಗುಣ. ಅದರ ಕೆಳಗೆ ಯಾರ ಮಾತಿಗೂ ಏರಿಳಿಯದ ಒಂದು ಆಳ ಬೇಕು. ನನಗೆ ಅದು ಬೆಳಗಿನ ಹತ್ತು ನಿಮಿಷದ ಪ್ರಾರ್ಥನೆ. ನಿಮಗೆ ಬೇರೆ ಇರಬಹುದು. ಆದರೆ ಅಗೆಯದೆ ಅದು ಯಾರಿಗೂ ಸಿಗುವುದಿಲ್ಲ.

ಹಕ್ಕಲು ಎಂಬ ಪದ

ಹಕ್ಕಲು ಗೊತ್ತಿಲ್ಲದ ಹಳ್ಳಿ ನಮ್ಮ ಭಾಗದಲ್ಲಿಲ್ಲ. ರಾಶಿಯಾದ ಮೇಲೆ ಹೊಲದಲ್ಲಿ ಉದುರಿ ಉಳಿದ ತೆನೆ, ಕಾಯಿ ಆರಿಸಿಕೊಳ್ಳಲು ಇಲ್ಲದವರ ಮನೆಯ ಹೆಣ್ಣುಮಕ್ಕಳು ಬರುತ್ತಾರೆ. ಕನ್ನಡ ಸತ್ಯವೇದದಲ್ಲೂ ಇದೇ ಪದ ಇದೆ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿಯ ಶ್ರಮದಿಂದ ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ. ಮುಂದೆ ತಿದ್ದುಪಡಿಗಳಾದವು. ಆದರೆ ಯೆಹೂದ್ಯರ ಹೊಲದಲ್ಲಿ ನಡೆದದ್ದನ್ನು ಹೇಳಲು ನಮ್ಮ ಹೊಲದ ಪದವೇ ಒದಗಿತು.

ಮೋಶೆಯ ಧರ್ಮಶಾಸ್ತ್ರದಲ್ಲಿ ಒಂದು ನಿಯಮವಿದೆ. ಬೆಳೆ ಕೊಯ್ಯುವಾಗ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಹಕ್ಕಲನ್ನು ಆರಿಸಿಕೊಳ್ಳಬಾರದು. ಅದು ಬಡವರಿಗೆ, ಪರದೇಶದವರಿಗೆ ಬಿಟ್ಟದ್ದು. ಈ ನಿಯಮದಿಂದಲೇ ರೂತಳ ಕಥೆ ನಡೆಯುತ್ತದೆ. ಮೋವಾಬ್ ದೇಶದ ವಿಧವೆ, ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದವಳು. ಅನ್ನಕ್ಕಾಗಿ ಬೋವಜನ ಹೊಲದಲ್ಲಿ ಹಕ್ಕಲು ಆರಿಸಲು ಹೋಗುತ್ತಾಳೆ. ಬೋವಜ ಅವಳಿಗೆ ಚೀಲ ತುಂಬಿಸಿ ಕಳಿಸಬಹುದಿತ್ತು. ಹಾಗೆ ಮಾಡುವುದಿಲ್ಲ. ಸಿವುಡುಗಳಿಂದ ಒಂದಿಷ್ಟು ತೆನೆ ಬೇಕೆಂದೇ ಕೆಳಗೆ ಬಿಡಿ, ಆಕೆಯನ್ನು ಗದರಿಸಬೇಡಿ ಎಂದು ಆಳುಗಳಿಗೆ ಹೇಳುತ್ತಾನೆ. ಕೊಟ್ಟದ್ದು ಆಕೆಗೆ ಗೊತ್ತಾಗಲಿಲ್ಲ. ತಾನೇ ಆರಿಸಿಕೊಂಡದ್ದು ಎಂಬ ಮಾನ ಉಳಿಯಿತು.

ಕೊಟ್ಟು ಉಣ್ಣುವುದನ್ನು ನಮ್ಮ ನೆಲಕ್ಕೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ಎಳ್ಳ ಅಮವಾಸ್ಯೆಗೆ ಹೊಲದ ತುಂಬ ಚರಗ ಚೆಲ್ಲುತ್ತೇವೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು ಹುಟ್ಟಿದ್ದು ನಮ್ಮ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ತೆನೆ ತಿನ್ನಲು ಬಂದ ಹಕ್ಕಿಗಳನ್ನು ಅವರು ಓಡಿಸಲಿಲ್ಲ, ಕುಡಿಯಲು ನೀರಿಟ್ಟರು ಎಂಬ ಕಥೆಯನ್ನು ನಮ್ಮ ಮನೆಯಲ್ಲೂ ಹೇಳುತ್ತಾರೆ. ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರು ಬಂದದ್ದು ಇದೇ ಪರಂಪರೆಯಿಂದ. 2002ರಲ್ಲಿ ಅದು ಮೊದಲು ಶುರುವಾದದ್ದೂ ನಮ್ಮಂಥ ಹಿಂದುಳಿದ ಜಿಲ್ಲೆಗಳಲ್ಲೇ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಉಳ್ಳವರೂ ಜೋಳಿಗೆ ಹಿಡಿದು ಮಧುಕರಿ ಬೇಡುತ್ತಾರೆ. ಕೊಡುವುದಕ್ಕಿಂತ ಬೇಡುವುದಕ್ಕೆ ಅಹಂಕಾರ ಹೆಚ್ಚು ಕರಗಬೇಕು.

ಅಕ್ಟೋಬರ್ 16ರ ಆಹಾರ ದಿನ ಅನ್ನ ಚೆಲ್ಲಬೇಡಿ ಎನ್ನುತ್ತದೆ. ಸರಿ. ಆದರೆ ಹೊಲವೇ ಇಲ್ಲದ ವಿದ್ಯಾರ್ಥಿಗಳಾದ ನಮ್ಮ ಹೊಲದ ಅಂಚು ಯಾವುದು? ನನಗೆ ಹೊಳೆದದ್ದು ಹೀಗೆ: ನಮ್ಮ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಆನ್‌ಲೈನ್ ಅರ್ಜಿ ತುಂಬುವ ತಿಳಿವಳಿಕೆ. ಹಳ್ಳಿಯಿಂದ ಬಂದ ಹುಡುಗಿ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಸೈಬರ್ ಸೆಂಟರಿನಲ್ಲಿ ಅರ್ಧ ದಿನ, ನೂರಾರು ರೂಪಾಯಿ ಕಳೆಯುತ್ತಾಳೆ. ಒಂದು ಅಕ್ಷರ ತಪ್ಪಿದರೆ ಒಂದು ವರ್ಷದ ಹಣ ಹೋಯಿತು. ನಮಗೆ ಅದು ಇಪ್ಪತ್ತು ನಿಮಿಷದ ಕೆಲಸ. ಆ ಇಪ್ಪತ್ತು ನಿಮಿಷ ನಮ್ಮ ಹಕ್ಕಲು. ಬೋವಜನಂತೆ ಸುಮ್ಮನೆ ಬಿಟ್ಟರೆ ಸಾಕು, ಫೋಟೊ ಬೇಡ.

ಮೊದಲು ರೊಟ್ಟಿ, ಆಮೇಲೆ ಮಾತು

ಇನ್ನು ಸೆಪ್ಟೆಂಬರ್ 10. ಆತ್ಮಹತ್ಯೆ ತಡೆ ದಿನವನ್ನು 2003ರಿಂದ ಆಚರಿಸುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಏಳು ಲಕ್ಷಕ್ಕೂ ಹೆಚ್ಚು ಜನ ಹೀಗೆ ಜೀವ ಕಳೆದುಕೊಳ್ಳುತ್ತಾರೆ. ಅದರಲ್ಲಿ ನಮ್ಮ ವಯಸ್ಸಿನವರು ಬಹಳ. ಇದನ್ನು ಬರೆಯುವಾಗ ಪ್ರವಚನ ಕೊಡಲು ನನಗೆ ಮನಸ್ಸಿಲ್ಲ. ಯಾಕೆಂದರೆ ಸತ್ಯವೇದವೇ ಇಲ್ಲಿ ಪ್ರವಚನ ಕೊಡುವುದಿಲ್ಲ.

ಎಲೀಯ ದೊಡ್ಡ ಪ್ರವಾದಿ. ರಾಜನ ಎದುರು ನಿಂತು ಗೆದ್ದವನು. ಗೆದ್ದ ಬೆನ್ನಲ್ಲೇ ಜೀವ ಬೆದರಿಕೆ ಬಂದಾಗ ಅಡವಿಗೆ ಓಡುತ್ತಾನೆ. ನಮ್ಮ ಕಡೆಯ ಜಾಲಿಯಂಥ ಒಂದು ಕುರುಚಲು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿ ಮಲಗಿಬಿಡುತ್ತಾನೆ. ಆಗ ಬಂದ ದೇವದೂತ ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ. ಹೀಗೆ ಯೋಚಿಸುವುದು ಪಾಪ ಎಂದೂ ಹೇಳುವುದಿಲ್ಲ. ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಡುತ್ತಾನೆ. ಎಲೀಯ ಉಂಡು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲವೂ ಬಂದು ಉಣ್ಣಿಸುತ್ತಾನೆ, ದಾರಿ ಬಹಳ ದೂರವಿದೆ ಎನ್ನುತ್ತಾನೆ. ದೇವರು ಮಾತಾಡಿದ್ದು ಅದಾದ ಎಷ್ಟೋ ದಿನಗಳ ಮೇಲೆ, ಅದೂ ಗಾಳಿ, ಭೂಕಂಪ, ಬೆಂಕಿಯಲ್ಲಲ್ಲ, ಮೆಲ್ಲನೆಯ ದನಿಯಲ್ಲಿ. ಕೊನೆಗೆ, ನೀನು ಒಬ್ಬನೇ ಅಲ್ಲ ಎಂಬ ಮಾತೂ, ಜೊತೆಗೆ ದುಡಿಯಲು ಎಲೀಷ ಎಂಬ ಜೊತೆಗಾರನೂ ಸಿಗುತ್ತಾನೆ.

ನಮ್ಮ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬನಿಗೆ ನಾಲ್ಕು ಬ್ಯಾಕ್‌ಲಾಗ್ ಇದ್ದವು. ರಿಸಲ್ಟ್ ಬಂದ ಮೇಲೆ ಅವನು ಮೆಸ್ಸಿಗೆ ಬರುವುದನ್ನು ನಿಲ್ಲಿಸಿದ. ನಮ್ಮಲ್ಲಿ ಕೆಲವರು ಬಾಗಿಲಿಗೆ ಹೋಗಿ ಧೈರ್ಯ ಹೇಳಿ ಬಂದರು. ಅವನು ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಅಕ್ಕ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ತಟ್ಟೆಗೆ ಹಾಕಿಕೊಂಡು ಮಹಡಿ ಹತ್ತಿದಳು. ‘ತಮ್ಮಾ, ಬಾಗಲ ತಗಿ. ಆರಿದ್ರ ರೊಟ್ಟಿ ಬಿರಸಾಗ್ತಾವ’ ಎಂದಳು. ಬಾಗಿಲು ತೆರೆಯಿತು. ಅವನು ಉಣ್ಣುವವರೆಗೆ ಹೊಸ್ತಿಲ ಮೇಲೆ ಕುಳಿತಿದ್ದು, ಮಾರ್ಕ್ಸ್ ಬಗ್ಗೆ ಒಂದು ಮಾತೂ ಕೇಳದೆ ತಟ್ಟೆ ತೆಗೆದುಕೊಂಡು ಇಳಿದುಹೋದಳು. ಅವನ ಬ್ಯಾಕ್‌ಲಾಗ್ ನಾಲ್ಕು ನಾಲ್ಕೇ ಇದ್ದವು. ಆದರೆ ಮರುದಿನ ಊಟಕ್ಕೆ ತಾನೇ ಕೆಳಗೆ ಬಂದ. ಆ ಅಕ್ಕ ಎಲೀಯನ ಕಥೆ ಕೇಳಿದವಳಲ್ಲ. ಕೇಳಿದ ನಮಗಿಂತ ಚೆನ್ನಾಗಿ ಅದನ್ನು ನಡೆಸಿಕೊಟ್ಟಳು.

ರೊಟ್ಟಿಯೊಂದೇ ಸಾಲದ ಹೊತ್ತೂ ಇರುತ್ತದೆ. ಮನಸ್ಸಿನ ಕಾಯಿಲೆಗೆ ವೈದ್ಯರಿದ್ದಾರೆ. ಪ್ರಾರ್ಥನೆ ಮಾಡುವವರು ಔಷಧ ತೆಗೆದುಕೊಂಡರೆ ನಂಬಿಕೆ ಕಡಿಮೆಯಾಯಿತೆಂದಲ್ಲ. 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸ್ಟೇಟಸ್ಸಿಗೆ ಹಾಕುವ ಬದಲು ಈ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಗೆಳೆಯನೊಬ್ಬ ಸುಮ್ಮನಾದಾಗ ‘ಉಂಡಿ ಏನೋ?’ ಎಂದು ಕೇಳಿ, ಮರುದಿನವೂ ಕೇಳಿ.

ಸಂಜೆ ಐದಕ್ಕೆ ನಿಂತವರು

ಮೇ 1ರ ಕಾರ್ಮಿಕರ ದಿನಕ್ಕೆ ಹೊಂದುವ ಸಾಮ್ಯ ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಕೂಲಿಗಳದು. ನೌಕರಿ ಹುಡುಕುವ ಅಣ್ಣ ಅಕ್ಕಂದಿರು ಇದನ್ನು ಓದಬೇಕು. ತೋಟದ ಯಜಮಾನ ನಸುಕಿನಲ್ಲಿ ಪೇಟೆಗೆ ಹೋಗಿ, ದಿನಕ್ಕೆ ಒಂದು ನಾಣ್ಯ ಎಂದು ಮಾತಾಡಿ ಕೂಲಿಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಕೊನೆಗೆ ಸಂಜೆ ಐದಕ್ಕೂ ಹೋದರೆ ಇನ್ನೂ ಕೆಲವರು ನಿಂತಿದ್ದಾರೆ. ದಿನವೆಲ್ಲ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದರೆ, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಅವರನ್ನೂ ಕಳಿಸುತ್ತಾನೆ. ಕೂಲಿ ಕೊಡುವಾಗ ಎಲ್ಲರಿಗೂ ಒಂದೊಂದು ನಾಣ್ಯ. ಬೆಳಗಿನಿಂದ ದುಡಿದವರು ಗೊಣಗುತ್ತಾರೆ.

ಈ ಕಥೆ ನಮಗೆ ಹೊಸದಲ್ಲ. ಕಲಬುರಗಿಯಲ್ಲಿ ಬೆಳಿಗ್ಗೆ ಬುತ್ತಿ ಗಂಟು ಹಿಡಿದು ಕೂಲಿಗೆ ಕಾದು ನಿಲ್ಲುವವರನ್ನು ನೋಡಿ. ಹತ್ತು ಗಂಟೆ ದಾಟಿದರೂ ನಿಂತವರ ಮುಖ ನೋಡಿ. ನಮ್ಮ ತಾಲ್ಲೂಕುಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಬಸ್ಸು ನೋಡಿ. ಇನ್ನೊಂದು ಕಡೆ, ಗ್ರಂಥಾಲಯಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಕುಳಿತು ಪಿಡಿಒ, ಪೊಲೀಸ್, ಎಫ್‌ಡಿಎ ಪರೀಕ್ಷೆಗೆ ಓದುವವರು. ಅಧಿಸೂಚನೆಗೆ ಕಾಯುವುದು, ಪರೀಕ್ಷೆ ಮುಂದೆ ಹೋದದ್ದಕ್ಕೆ ಕಾಯುವುದು, ಫಲಿತಾಂಶಕ್ಕೆ ಕಾಯುವುದು, ನಡುವೆ ವಯೋಮಿತಿ ಮೀರುವ ಅಂಜಿಕೆ. ಮನೆಗೆ ಹೋದರೆ ಊರ ಕಟ್ಟೆಯ ಮೇಲೆ ಕುಳಿತವರ ಪ್ರಶ್ನೆ ಅದೇ: ಯಾಕೋ, ಇನ್ನೂ ಖಾಲಿ ಇದ್ದಿ?

ನಾನು ಈ ಸಾಮ್ಯದಲ್ಲಿ ಗಮನಿಸಿದ್ದು ಎರಡು. ಒಂದು, ಐದು ಗಂಟೆಯವರೆಗೂ ಅವರು ನಿಂತಿದ್ದರು ಎಂಬುದು. ಬಿಸಿಲೇರಿದ ಮೇಲೆ ಮನೆಗೆ ಹೋಗಿ ಮಲಗಬಹುದಿತ್ತು. ಕಾದು ನಿಲ್ಲುವುದೂ ಒಂದು ದುಡಿಮೆ. ಅದರ ದಣಿವು ದುಡಿದವನ ದಣಿವಿಗಿಂತ ಕಡಿಮೆಯಲ್ಲ. ಎರಡು, ಯಜಮಾನ ಕೂಲಿ ಲೆಕ್ಕ ಹಾಕಿದ್ದು ತಾಸಿನ ಮೇಲಲ್ಲ, ಹಸಿವಿನ ಮೇಲೆ. ಒಂದು ನಾಣ್ಯ ಅಂದರೆ ಒಂದು ಮನೆಯ ಒಂದು ದಿನದ ಅನ್ನ. ಒಂದು ತಾಸು ದುಡಿದವನ ಮಕ್ಕಳಿಗೂ ಪೂರ್ತಿ ಹೊಟ್ಟೆ ಇರುತ್ತದಲ್ಲವೇ?

ಇದನ್ನು ಓದಿ ಯಾರೂ ಓದುವುದು ಬಿಟ್ಟು ಕೂಡಬಾರದು. ನೇಮಕಾತಿ ಪರೀಕ್ಷೆಯಲ್ಲಿ ಅಂಕಕ್ಕೇ ಬೆಲೆ, ಅದು ಹಾಗೇ ಇರಬೇಕು. ಆದರೆ ಮನುಷ್ಯನ ಬೆಲೆ ಕಟ್ಟುವ ತಕ್ಕಡಿ ಬೇರೆ. ಕ್ಯಾಂಪಸ್ಸಿನಲ್ಲಿ ಮೊದಲೇ ಕೆಲಸ ಸಿಕ್ಕವರು ನಸುಕಿನಲ್ಲಿ ಕರೆ ಬಂದ ಅದೃಷ್ಟವಂತರು. ಇನ್ನೂ ನಿಂತವರು ಸೋಮಾರಿಗಳಲ್ಲ, ಅವರನ್ನು ಯಾರೂ ಕರೆದಿಲ್ಲ ಅಷ್ಟೇ. ಕೆಲಸ ಸಿಕ್ಕವರಿಗೆ ಇಲ್ಲಿ ಒಂದು ಕೆಲಸವಿದೆ. ಆ ಯಜಮಾನ ದಿನಕ್ಕೆ ಐದು ಸಲ ಪೇಟೆಗೆ ಹೋದ. ನಾವು ನೌಕರಿ ಸೇರಿದ ಮೇಲೆ ಒಂದು ಸಲವಾದರೂ ತಿರುಗಿ ಬಂದು, ನಮ್ಮ ಕಂಪನಿಯಲ್ಲಿ ಜಾಗ ಖಾಲಿ ಇದೆ, ರೆಸ್ಯೂಮೆ ಕೊಡು ಎಂದು ಜೂನಿಯರಿಗೆ ಹೇಳಬಹುದು.

ಪಾಠ ಹುಡುಕಬಾರದ ಜಾಗ

ಎಲ್ಲದರಲ್ಲೂ ಪಾಠ ಹುಡುಕುವ ಅಭ್ಯಾಸಕ್ಕೆ ಒಂದು ಅಪಾಯವಿದೆ. ಬೇರೆಯವರ ದುಃಖದಲ್ಲೂ ನಾವು ಪಾಠ ಹುಡುಕತೊಡಗುತ್ತೇವೆ. ಭಾರತದಲ್ಲಿ ಕೋವಿಡ್‌ನಿಂದ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು, 2020ರ ಮಾರ್ಚ್‌ನಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಅಕ್ಕನ ಊರಿನ ಕಡೆ ಕಟಾವಿಗೆ ಬಂದ ಬೆಳೆ ನೀರಲ್ಲಿ ನಿಂತಿತ್ತು. ಆಗ ಇದು ದೇವರ ಶಿಕ್ಷೆ, ಅವರ ಕರ್ಮ ಎಂಬ ಮಾತು ಹೇಳಿದವರು ಎಲ್ಲ ಧರ್ಮದಲ್ಲೂ ಇದ್ದರು.

ಯೇಸುವಿನ ಕಾಲದಲ್ಲೂ ಸಿಲೊವಾ ಎಂಬಲ್ಲಿ ಗೋಪುರ ಕುಸಿದು ಹದಿನೆಂಟು ಜನ ಸತ್ತರು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯಬೇಡಿ ಎಂದು ಆತ ಖಂಡಿತವಾಗಿ ಹೇಳಿದ, ನಿಮ್ಮ ನಿಮ್ಮ ಬದುಕು ತಿದ್ದಿಕೊಳ್ಳಿ ಎಂದ. ಮುಂದೆ ಕಟ್ಟಡ ಕಟ್ಟಬೇಕಾದ ನನಗೆ ಈ ಮಾತು ಬಹಳ ಮುಖ್ಯ. ಗೋಪುರ ಬಿದ್ದಾಗ ಸತ್ತವರ ಪಾಪ ಎಣಿಸುವುದು ಸುಲಭ. ಕೇಳಬೇಕಾದದ್ದು ಬೇರೆ: ಮಣ್ಣು ಪರೀಕ್ಷೆ ಆಗಿತ್ತೇ, ಸಿಮೆಂಟ್ ಸರಿಯಿತ್ತೇ, ಕಾಗದದ ಮೇಲೆ ಸಹಿ ಹಾಕಿದವರು ಸ್ಥಳಕ್ಕೆ ಹೋಗಿದ್ದರೇ? ನಾಳೆ ಸಹಿ ಹಾಕುವವನು ನಾನೇ ಆಗಿರುತ್ತೇನೆ. ಪಾಠ ಕಲಿಯುವುದಿದ್ದರೆ ನನ್ನ ಬದುಕಿನಿಂದ, ನನ್ನ ಕೆಲಸದಿಂದ ಕಲಿಯಬೇಕು. ಇನ್ನೊಬ್ಬರ ಕಣ್ಣೀರಿಗೆ ಅರ್ಥ ಹಚ್ಚಲು ಹೋಗದೆ ಅವರ ಪಕ್ಕದಲ್ಲಿ ಕೂತರೆ ಸಾಕು.

ಮುಂದಿನ ಸಲ ನೋಟಿಸ್ ಬೋರ್ಡಿನಲ್ಲಿ ಯಾವುದಾದರೂ ದಿನಾಚರಣೆಯ ಹೆಸರು ಕಂಡಾಗ ಒಂದು ಕೆಲಸ ಮಾಡೋಣ. ಜಾಥಾಕ್ಕೆ ಹೋಗೋಣ, ಘೋಷಣೆ ಕೂಗೋಣ, ಬೇಕಾದರೆ ಫೋಟೊಕ್ಕೂ ನಿಲ್ಲೋಣ. ಅದರ ಜೊತೆಗೆ ಮರುದಿನದ ತಾರೀಖಿನ ಪಕ್ಕ ಒಬ್ಬರ ಹೆಸರು ಬರೆದಿಟ್ಟುಕೊಳ್ಳೋಣ. ರಕ್ತದಾನದ ದಿನವಾದರೆ ಆಸ್ಪತ್ರೆಯಲ್ಲಿರುವ ಪರಿಚಯದವರ ಹೆಸರು, ಕ್ಷಯರೋಗದ ದಿನವಾದರೆ ಆರು ತಿಂಗಳು ಗುಳಿಗೆ ನುಂಗಬೇಕಾದ ಓಣಿಯ ಕಾಕಾನ ಹೆಸರು, ಮೇ 1 ಆದರೆ ಇನ್ನೂ ನೌಕರಿಗೆ ಕಾಯುತ್ತಿರುವ ಗೆಳೆಯನ ಹೆಸರು. ಸಮಾರ್ಯದವನು ಇಡೀ ದಾರಿಯ ಕಳ್ಳರನ್ನು ಹಿಡಿಯಲಿಲ್ಲ, ಒಬ್ಬನ ಛತ್ರದ ಖರ್ಚು ಹೊತ್ತ. ನಮ್ಮಿಂದಲೂ ಅಷ್ಟಾದೀತು.